ಬ್ಯಾಲೆನ್ಸ್ ಟ್ರಾನ್ಸ್‌ಫರ್: ಟೋಪಿ ಬದಲಿಸುವ ಮುನ್ನ ಒಂದು ಲೆಕ್ಕ

ಮಾನ್ಯ ಸಂಪಾದಕರೇ,

ಹಬ್ಬದ ಖರೀದಿಯ ಬಿಲ್ಲು ಬರುವ ಹೊತ್ತಿಗೇ ಫೋನಿಗೆ ಇನ್ನೊಂದು ಮೆಸೇಜೂ ಬರುತ್ತದೆ: 'ಬೇರೆ ಬ್ಯಾಂಕಿನ ಕಾರ್ಡ್ ಬಾಕಿಯನ್ನು ನಮ್ಮ ಕಾರ್ಡಿಗೆ ತನ್ನಿ, 60 ದಿನ ಸೊನ್ನೆ ಬಡ್ಡಿ.' ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂಬ ಈ ಸೌಲಭ್ಯವನ್ನು ಕೆಲವರು ಶುದ್ಧ ಮೋಸ ಎನ್ನುತ್ತಾರೆ, ಕೆಲವರು ಸಾಲದಿಂದ ಪಾರಾಗುವ ದಾರಿ ಎನ್ನುತ್ತಾರೆ. ಎರಡೂ ಅಲ್ಲ. ಒಂದು ಬ್ಯಾಂಕಿನ ಸಾಲವನ್ನು ಇನ್ನೊಂದು ಬ್ಯಾಂಕಿನ ಸಾಲದಿಂದ ತೀರಿಸುವ, ಅಂದರೆ ಅವರ ಟೋಪಿ ಇವರಿಗೆ ಹಾಕುವ ಕೆಲಸವೇ ಅದು. ಹೊಸ ಟೋಪಿಯ ಬಾಡಿಗೆ, ಅಂದರೆ ಬಡ್ಡಿ, ಹಳೆಯದಕ್ಕಿಂತ ಎಷ್ಟು ಕಡಿಮೆ, ಎಷ್ಟು ದಿನಕ್ಕೆ ಕಡಿಮೆ ಎಂಬುದಷ್ಟೇ ಪ್ರಶ್ನೆ. ನಮ್ಮ ದೇಶದಲ್ಲಿ ಇದು ಆರು ತಿಂಗಳೊಳಗೆ ತೀರಿಸಬಲ್ಲ ಸಾಲಕ್ಕೆ ಮಾತ್ರ ಹೊಂದುತ್ತದೆ. ತೀರಿಸಲು ಅದಕ್ಕಿಂತ ಹೆಚ್ಚು ಕಾಲ ಬೇಕಾದ ಸಾಲಕ್ಕೆ ಬೇರೆ ದಾರಿಗಳೇ ಅಗ್ಗ. ಈ ಗೆರೆ ಎಲ್ಲಿ ಬೀಳುತ್ತದೆ ಎಂದು ಅಂಕಿಗಳಲ್ಲೇ ತೋರಿಸಲು ಈ ಪತ್ರ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಯೂಟ್ಯೂಬಿನಲ್ಲಿ ಓಡಾಡುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದ ಪಾಠ. ಅಲ್ಲಿ 12ರಿಂದ 21 ತಿಂಗಳವರೆಗೆ ಸೊನ್ನೆ ಬಡ್ಡಿಯ ಕಾರ್ಡುಗಳು ಸಿಗುತ್ತವೆ. ಒಮ್ಮೆಗೆ ಶೇ 3ರಿಂದ 5 ಶುಲ್ಕ ಕೊಟ್ಟರೆ ಮುಗಿಯಿತು. ಅಲ್ಲಿನ 2009ರ ಕಾರ್ಡ್ ಕಾಯ್ದೆಯ ಪ್ರಕಾರ ಅಂಥ ರಿಯಾಯಿತಿ ದರ ಕನಿಷ್ಠ ಆರು ತಿಂಗಳು ಇರಲೇಬೇಕು. ಬೇ ಏರಿಯಾದಲ್ಲಿರುವ ಮಗ ಅಲ್ಲಿನ ಅನುಭವದ ಮೇಲೆ ಹೇಳಿದ ಸಲಹೆಯನ್ನು ಜಯನಗರದ ಅಪ್ಪ ಇಲ್ಲಿನ ಕಾರ್ಡಿಗೆ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಸೊನ್ನೆ ಬಡ್ಡಿ ಎಂದರೆ ಸಾಮಾನ್ಯವಾಗಿ ಎರಡು ತಿಂಗಳು, ಅದಕ್ಕೂ ಶುಲ್ಕ ಉಂಟು. ಹೆಚ್ಚು ದಿನ ಬೇಕೆಂದರೆ ಬಡ್ಡಿ ಸೊನ್ನೆಯಲ್ಲ, ಕಡಿಮೆ ಅಷ್ಟೇ.

ಹಳೆಯ ಕಾರ್ಡಿನಲ್ಲಿ ಬಾಕಿ ಬಿಟ್ಟರೆ ಏನಾಗುತ್ತದೆ? ಈಗ ಬಹಳಷ್ಟು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75, ಅಂದರೆ ವರ್ಷಕ್ಕೆ ಶೇ 42ರಿಂದ 45. ಇದಕ್ಕೆ ಮೇಲ್ಮಿತಿ ಇಲ್ಲವೇ ಎಂದು ಕೇಳುವವರಿದ್ದಾರೆ. ವರ್ಷಕ್ಕೆ ಶೇ 30 ಮೀರಿದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ತಂದ ಕಾನೂನಿನಲ್ಲೂ ಆಸರೆ ಹುಡುಕಬೇಡಿ. ಆರ್‌ಬಿಐ ನೋಂದಣಿಯಿರುವ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ.

ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಇದನ್ನು ತುಂಬಾ ಮಂದಿ ಗಮನಿಸುವುದಿಲ್ಲ. ಮನೆ ಸಾಲ, ಪರ್ಸನಲ್ ಲೋನ್, ಚಿನ್ನದ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕ್ರೆಡಿಟ್ ಕಾರ್ಡ್ ಬಡ್ಡಿಯನ್ನು ಮಾತ್ರ ಆ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಶೇ 3.75 ಎಂಬುದು ಜೇಬಿನಿಂದ ಹೋಗುವಾಗ ಶೇ 4.425. ₹1 ಲಕ್ಷ ಬಾಕಿಗೆ ತಿಂಗಳಿಗೆ ₹4,425. ಬಿಲ್ಲು ₹1,04,425 ಆಯಿತು, ಕನಿಷ್ಠ ಪಾವತಿ ಶೇ 5 ಎಂದರೆ ₹5,221. ನೀವು ಕಟ್ಟಿದ್ದರಲ್ಲಿ ಅಸಲಿಗೆ ಹೋದದ್ದು ₹796. ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಹೀಗೇ ಕನಿಷ್ಠ ಮೊತ್ತ ಕಟ್ಟುತ್ತ ಹೋದರೆ, ವರ್ಷದಲ್ಲಿ ಕಟ್ಟಿದ್ದು ಸುಮಾರು ₹60,000, ಉಳಿದ ಸಾಲ ಸುಮಾರು ₹90,850. ಕನಿಷ್ಠ ಪಾವತಿಯನ್ನೇ ಮಾಡುತ್ತಿದ್ದರೆ ತೀರಿಸಲು ತಿಂಗಳುಗಳು, ವರ್ಷಗಳೇ ಹಿಡಿಯುತ್ತವೆ ಎಂಬ ಎಚ್ಚರಿಕೆಯನ್ನು ಪ್ರತಿ ಬಿಲ್ಲಿನಲ್ಲೂ ಅಚ್ಚು ಹಾಕಬೇಕೆಂದು ಆರ್‌ಬಿಐ ಹೇಳಿರುವುದು ಸುಮ್ಮನೆ ಅಲ್ಲ.

ಈಗ ವರ್ಗಾವಣೆಯ ಲೆಕ್ಕ. ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಒಂದು, 60 ದಿನ ಸೊನ್ನೆ ಬಡ್ಡಿ, ಸುಮಾರು ಶೇ 2 ಶುಲ್ಕ. ಎರಡು, ಆರು ತಿಂಗಳು ಕಡಿಮೆ ಬಡ್ಡಿ, ಶುಲ್ಕವಿಲ್ಲ, ಆದರೆ ಕಂತೂ ಇಲ್ಲ. ಮೂರು, ಅದೇ ಬಾಕಿ ಇಎಂಐ, ಅಂದರೆ ತಿಂಗಳ ಸಮಾನ ಕಂತಿನ ರೂಪದಲ್ಲಿ. ದರಗಳು ಬ್ಯಾಂಕಿನಿಂದ ಬ್ಯಾಂಕಿಗೆ, ಗ್ರಾಹಕನಿಂದ ಗ್ರಾಹಕನಿಗೆ ಬದಲಾಗುತ್ತವೆ, ಆದ್ದರಿಂದ ಕೆಳಗಿನದನ್ನು ಲೆಕ್ಕದ ಮಾದರಿ ಎಂದು ನೋಡಿ, ನಿಮಗೆ ಬಂದ ಆಫರಿನ ಅಂಕಿ ತುಂಬಿಕೊಳ್ಳಿ.

ಮೊದಲನೆಯ ಬಗೆಯಲ್ಲಿ ₹1 ಲಕ್ಷಕ್ಕೆ ಶುಲ್ಕ ₹2,000, ಜಿಎಸ್‌ಟಿ ₹360, ಒಟ್ಟು ₹2,360. ಹಳೆಯ ಕಾರ್ಡಿನಲ್ಲಿ ಒಂದೇ ತಿಂಗಳಿಗೆ ₹4,425 ಹೋಗುತ್ತಿತ್ತಲ್ಲ, ಅದಕ್ಕೆ ಹೋಲಿಸಿದರೆ ಖಂಡಿತ ಲಾಭ. ಆದರೆ ಎರಡು ತಿಂಗಳಲ್ಲಿ ಪೂರ್ತಿ ಲಕ್ಷ ಹೊಂದಬೇಕು. ಅಡಿಕೆ ಮಾರಿದ ದುಡ್ಡು ಬರುವುದಿದೆ, ಕಚೇರಿಯ ಬೋನಸ್ ಬರುವುದಿದೆ, ಚೀಟಿ ಎತ್ತುವ ಸರದಿ ಮುಂದಿನ ತಿಂಗಳಿದೆ — ಹೀಗೆ ಬರುವ ಹಣದ ತಾರೀಖು ಗೊತ್ತಿರುವವರಿಗೆ ಇದು ಸರಿ. ತಿಂಗಳಿಗೆ ₹20,000 ಮಾತ್ರ ಕಟ್ಟಬಲ್ಲವರು ಇದನ್ನು ತೆಗೆದುಕೊಂಡರೆ 61ನೇ ದಿನ ₹60,000 ಉಳಿದಿರುತ್ತದೆ, ಅದರ ಮೇಲೆ ತಿಂಗಳಿಗೆ ₹2,655 ಓಡತೊಡಗುತ್ತದೆ. ಶುಲ್ಕವೂ ಹೋಯಿತು, ಹಳೆಯ ಬಡ್ಡಿಯೂ ಮರಳಿತು.

ಎರಡನೆಯದು ನೋಡಲು ತುಂಬಾ ಸಲೀಸು, ಅದಕ್ಕೇ ಅಪಾಯ. ದರ ತಿಂಗಳಿಗೆ ಶೇ 1.7 ಎಂದಿಟ್ಟುಕೊಳ್ಳಿ. ಕಂತಿಲ್ಲ, ಕನಿಷ್ಠ ಮೊತ್ತ ಕಟ್ಟಿದರೆ ಸಾಕು. ಹಾಗೆ ಕನಿಷ್ಠವನ್ನೇ ಕಟ್ಟಿಕೊಂಡು ಹೋದವರಿಗೆ ಆರನೇ ತಿಂಗಳ ಕೊನೆಗೆ ₹83,000ದ ಹತ್ತಿರ ಬಾಕಿ ಉಳಿದಿರುತ್ತದೆ. ಮರುದಿನದಿಂದ ಅಷ್ಟಕ್ಕೂ ಶೇ 3.75. ಅರ್ಧ ವರ್ಷದ ರಿಯಾಯಿತಿ ಕೈಗೆ ಬಂದೂ ಸಾಲ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಮೂರನೆಯದು, ಅದೇ ಶೇ 1.7ಕ್ಕೆ ಆರು ಕಂತು. ಕಂತು ₹17,672. ಒಟ್ಟು ಬಡ್ಡಿ ₹6,034, ಅದರ ಮೇಲಿನ ಜಿಎಸ್‌ಟಿ ₹1,086, ಒಟ್ಟು ಖರ್ಚು ₹7,120. ಇದೇ ಆರು ತಿಂಗಳಲ್ಲಿ ಹಳೆಯ ಕಾರ್ಡಿನಲ್ಲೇ ಸಮಾನ ಕಂತಿನಲ್ಲಿ ತೀರಿಸಿದ್ದರೆ ಬಡ್ಡಿ, ತೆರಿಗೆ ಸೇರಿ ₹15,960. ಉಳಿತಾಯ ₹8,800ಕ್ಕೂ ಮೇಲೆ. ಕೈ ಹಿಡಿತದಲ್ಲಿ ನಿಲ್ಲದವರಿಗೆ ಇಎಂಐ ರೂಪವೇ ವಾಸಿ: ಯಾವ ತಿಂಗಳು ಸಾಲ ಮುಗಿಯುತ್ತದೆ ಎಂಬುದು ಮೊದಲೇ ಬರೆದಿಟ್ಟಂತೆ.

ಇಎಂಐಯಲ್ಲಿ ಒಂದು ಸಣ್ಣ ಮುಳ್ಳಿದೆ, ಚುಚ್ಚಿಸಿಕೊಂಡವರು ಬಹಳ. ಕಂತು ₹17,672 ಎಂದು ಬ್ಯಾಂಕು ಹೇಳಿತು. ಮೊದಲ ಬಿಲ್ಲು ಬಂದದ್ದು ₹17,978. ಹೆಚ್ಚುವರಿ ₹306 ಎಲ್ಲಿಂದ ಬಂತು? ಮೊದಲ ತಿಂಗಳ ಬಡ್ಡಿ ₹1,700, ಅದರ ಶೇ 18. ಜಿಎಸ್‌ಟಿಯನ್ನು ಕಂತಿನೊಳಗೆ ಸೇರಿಸಿರುವುದಿಲ್ಲ, ಪ್ರತಿ ತಿಂಗಳು ಬೇರೆಯಾಗಿ ಬಿಲ್ಲಿಗೆ ಹಾಕುತ್ತಾರೆ. ಕೊನೆಯ ಕಂತಿನ ಹೊತ್ತಿಗೆ ಅದು ₹53ಕ್ಕೆ ಇಳಿಯುತ್ತದೆ. ಪ್ರತಿ ತಿಂಗಳು ಸರಿಯಾಗಿ ₹17,672 ಕಳಿಸುವಂತೆ ಬ್ಯಾಂಕ್ ಆ್ಯಪಿನಲ್ಲಿ ಹೊಂದಿಸಿಟ್ಟವರು ಮೊದಲ ತಿಂಗಳೇ ₹306 ಕಮ್ಮಿ ಕಟ್ಟಿರುತ್ತಾರೆ. ಇಎಂಐ ಮತ್ತು ತೆರಿಗೆ ಪೂರ್ತಿಯಾಗಿ ಕನಿಷ್ಠ ಪಾವತಿಯ ಭಾಗವಾದ್ದರಿಂದ, ಕನಿಷ್ಠವೂ ಕಟ್ಟಲಿಲ್ಲ ಎಂದಾಗಿ ತಡಪಾವತಿ ಶುಲ್ಕ ಬೀಳುತ್ತದೆ. ಇದಕ್ಕೆ ಮದ್ದು: ಕಂತಿನ ಮೊತ್ತಕ್ಕಲ್ಲ, ಬಿಲ್ಲಿನ ಒಟ್ಟು ಮೊತ್ತಕ್ಕೆ ಆಟೊ ಡೆಬಿಟ್ ಹಾಕಿಸಿ.

ಫ್ಲಾಟ್ ದರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. 'ತಿಂಗಳಿಗೆ ಶೇ 1 ಮಾತ್ರ ಸಾರ್' ಎಂದು ಫೋನಿನಲ್ಲಿ ಹೇಳಿದಾಗ, ಫ್ಲಾಟೋ ಅಥವಾ ಇಳಿಯುವ ಬಾಕಿಯ ಮೇಲೋ ಎಂದು ಕೇಳಿ. ಲಕ್ಷಕ್ಕೆ 12 ತಿಂಗಳು ಶೇ 1 ಫ್ಲಾಟ್ ಎಂದರೆ ಬಡ್ಡಿ ₹12,000, ಕಂತು ₹9,333. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಪೂರ್ತಿ ಲಕ್ಷದ ಮೇಲೇ ಓಡುತ್ತಿರುತ್ತದೆ. ನಿಜವಾದ ವಾರ್ಷಿಕ ದರ ಶೇ 12 ಅಲ್ಲ, ಶೇ 21.5ರ ಹತ್ತಿರ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ: ಬಾಕಿ ತಂದ ಕಾರ್ಡಿನಲ್ಲೇ ಮತ್ತೆ ಖರೀದಿ. ಸೊನ್ನೆ ಬಡ್ಡಿ ಕಾರ್ಡ್ ಅಲ್ಲವೇ, ದಿನಸಿ ಸಾಮಾನಿಗೂ ಉಜ್ಜೋಣ ಎನಿಸುವುದು ಸಹಜ. ಎರಡು ಕಾರಣಕ್ಕೆ ಅದು ಕೆಡುತ್ತದೆ. ಬಿಲ್ಲಿನ ಒಟ್ಟು ಮೊತ್ತವನ್ನು ಕಟ್ಟದೆ ಬಾಕಿ ಮುಂದುವರಿಸಿದಾಗ ಹೊಸ ಖರೀದಿಗೆ ಸಿಗಬೇಕಾದ ಬಡ್ಡಿರಹಿತ ಅವಧಿ ಬಹಳಷ್ಟು ಕಾರ್ಡುಗಳಲ್ಲಿ ಹೊರಟುಹೋಗುತ್ತದೆ, ಖರೀದಿಸಿದ ದಿನದಿಂದಲೇ ಬಡ್ಡಿ. ಜೊತೆಗೆ ನೀವು ಕಟ್ಟಿದ ಹಣ ಯಾವುದಕ್ಕೆ ಮೊದಲು ಸಲ್ಲುತ್ತದೆ ಎಂಬ ಕ್ರಮವೊಂದಿದೆ. ಬಹಳಷ್ಟು ಕಾರ್ಡುಗಳ ಷರತ್ತು ಪತ್ರದಲ್ಲಿ ಅದು ಹೀಗಿರುತ್ತದೆ: ತೆರಿಗೆ, ಇಎಂಐ, ಶುಲ್ಕ, ಬಡ್ಡಿ, ಆಮೇಲೆ ವರ್ಗಾಯಿಸಿದ ಬಾಕಿ, ಅದಾದ ಮೇಲೆ ಖರೀದಿ, ಕೊನೆಗೆ ಎಟಿಎಂನಿಂದ ತೆಗೆದ ನಗದು. ಅಗ್ಗದ ಸಾಲ ಮೊದಲು ತೀರುತ್ತದೆ, ದುಬಾರಿಯದು ಕೊನೆಗೆ ಉಳಿಯುತ್ತದೆ. ಸೊನ್ನೆ ಬಡ್ಡಿಯ ₹60,000 ಇರುವ ಕಾರ್ಡಿನಲ್ಲಿ ₹8,000ದ ದಿನಸಿ ತಂದು ₹10,000 ಕಟ್ಟಿದಿರಿ ಎನ್ನಿ. ಆ ಹತ್ತು ಸಾವಿರ ಹೋಗಿ ಸೇರುವುದು ಸೊನ್ನೆ ಬಡ್ಡಿಯ ಬಾಕಿಗೆ. ದಿನಸಿಯ ಎಂಟು ಸಾವಿರ ಅಲ್ಲೇ ಕುಳಿತು ತಿಂಗಳಿಗೆ ₹354 ತಿನ್ನುತ್ತದೆ. ಅಮೆರಿಕದಲ್ಲಿ ಕಾಯ್ದೆ ಇದಕ್ಕೆ ಉಲ್ಟಾ: ಕನಿಷ್ಠಕ್ಕಿಂತ ಹೆಚ್ಚು ಕಟ್ಟಿದ ಹಣ ಅತಿ ಹೆಚ್ಚು ಬಡ್ಡಿಯ ಬಾಕಿಗೇ ಮೊದಲು ಸಲ್ಲಬೇಕು. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಕಾರ್ಡ್ ಉಜ್ಜುವವರು ಇದನ್ನು ತಿಳಿದಿರುವುದಿಲ್ಲ. ಬಾಕಿ ತಂದ ಕಾರ್ಡನ್ನು ಬೀರುವಿನಲ್ಲಿಡಿ. ಆ್ಯಪಿನಲ್ಲಿ ಆನ್‌ಲೈನ್, ಟ್ಯಾಪ್, ವಿದೇಶಿ ವ್ಯವಹಾರಗಳನ್ನು ಆಫ್ ಮಾಡುವ ಗುಂಡಿ ಇದೆ. 2020ರ ಅಕ್ಟೋಬರಿನಿಂದ ಎಲ್ಲ ಬ್ಯಾಂಕುಗಳೂ ಅದನ್ನು ಕೊಡಲೇಬೇಕು.

ವರ್ಗಾವಣೆ ಮಾಡಲೇಬೇಕೆಂದು ಲೆಕ್ಕ ಹೇಳಿದರೆ, ಕೆಲಸ ಹೀಗೆ ಸಾಗಲಿ.

ಹೊಸ ಕಾರ್ಡಿಗೆ ಅರ್ಜಿ ಹಾಕುವ ಮುನ್ನ ನಿಮ್ಮಲ್ಲಿರುವ ಇನ್ನೊಂದು ಕಾರ್ಡಿನಲ್ಲಿ ಖಾಲಿ ಮಿತಿ ಇದೆಯೇ ನೋಡಿ. ಇರುವ ಕಾರ್ಡುಗಳ ಮಿತಿಯಲ್ಲಿ ಶೇ 90 ಬಳಸಿರುವವರಿಗೆ ಹೊಸ ಕಾರ್ಡ್ ಸಿಗುವುದು ಕಷ್ಟ, ಅರ್ಜಿ ತಿರಸ್ಕಾರವಾದರೂ ಬ್ಯಾಂಕು ವಿಚಾರಿಸಿದ ದಾಖಲೆ ನಿಮ್ಮ ಸಾಲದ ಚರಿತ್ರೆಯ ವರದಿಯಲ್ಲಿ ಉಳಿಯುತ್ತದೆ. ಒಂದೇ ಬ್ಯಾಂಕಿನ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ವರ್ಗಾವಣೆ ಇಲ್ಲ. ಖಾಲಿ ಮಿತಿ ಪೂರ್ತಿಯಾಗಿಯೂ ಸಿಗುವುದಿಲ್ಲ, ಮುಕ್ಕಾಲು ಭಾಗ ಸಿಕ್ಕರೆ ಹೆಚ್ಚು. ಆಮೇಲೆ ಹಳೆಯ ಕಾರ್ಡಿನ ಬಿಲ್ಲು ತೆಗೆದು ಮೂರು ಅಂಕಿ ಬರೆದುಕೊಳ್ಳಿ: ಬಿಲ್ಲಾದ ಬಾಕಿ, ಬಿಲ್ಲಾಗದ ಖರೀದಿ, ಈಗಾಗಲೇ ನಡೆಯುತ್ತಿರುವ ಇಎಂಐಗಳ ಉಳಿದ ಅಸಲು. ಮೂರನೆಯದನ್ನು ವರ್ಗಾಯಿಸಬೇಕೆಂದರೆ ಮೊದಲು ಆ ಇಎಂಐ ಮುಚ್ಚಿಸಬೇಕು, ಅದಕ್ಕೆ ದಂಡ ಶುಲ್ಕ ಬೀಳುವುದುಂಟು. ಅದನ್ನು ಇದ್ದಲ್ಲೇ ಬಿಡುವುದು ಸಾಮಾನ್ಯವಾಗಿ ಒಳ್ಳೆಯದು.

ಬ್ಯಾಂಕಿಗೆ ಫೋನ್ ಮಾಡಿದಾಗ ಕೇಳಬೇಕಾದ್ದು ಇಷ್ಟೇ: ತಿಂಗಳ ದರ ಎಷ್ಟು, ಫ್ಲಾಟೋ ಇಳಿಯುವ ಬಾಕಿಯ ಮೇಲೋ, ಶುಲ್ಕ ಮತ್ತು ಅದರ ಜಿಎಸ್‌ಟಿ ಎಷ್ಟು, ಅವಧಿ ಎಣಿಸುವುದು ಬುಕ್ ಮಾಡಿದ ದಿನದಿಂದಲೋ ಬಿಲ್ಲಿನ ದಿನದಿಂದಲೋ, ಮಧ್ಯದಲ್ಲಿ ತೀರಿಸಿದರೆ ದಂಡವೆಷ್ಟು. ಉತ್ತರ ಎಸ್‌ಎಂಎಸ್ ಅಥವಾ ಇಮೇಲಿನಲ್ಲಿ ಬರದೆ 'ಹೂಂ' ಅನ್ನಬೇಡಿ. ಇನ್ನೊಂದು ಮಾತು: ಹಣವನ್ನು ನಿಮ್ಮ ಉಳಿತಾಯ ಖಾತೆಗೇ ಹಾಕುತ್ತೇವೆ ಎಂದರೆ ಅದು ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಲ್ಲ, ಕಾರ್ಡ್ ಮೇಲಿನ ಸಾಲ. ದರ, ಷರತ್ತು ಎರಡೂ ಬೇರೆ ಇರಬಹುದು, ಮತ್ತು ಖಾತೆಗೆ ಬಂದ ಹಣ ಹಳೆಯ ಕಾರ್ಡಿಗೇ ಹೋಗುತ್ತದೆ ಎಂಬ ಖಾತರಿ ನಿಮ್ಮ ಕೈಯಲ್ಲೇ ಇರುತ್ತದೆ.

ಹೊಸ ಬ್ಯಾಂಕು ಹಣವನ್ನು ನೆಫ್ಟ್ ಮೂಲಕ ಹಳೆಯ ಕಾರ್ಡಿನ ಸಂಖ್ಯೆಗೆ ಕಳಿಸುತ್ತದೆ. ಹದಿನಾರು ಅಂಕಿಯಲ್ಲಿ ಒಂದು ತಪ್ಪಿದರೂ ಹಣ ಎಲ್ಲೋ ಸುತ್ತಾಡಿ ವಾಪಸು ಬರಬೇಕು, ಅಲ್ಲಿಯವರೆಗೆ ಎರಡೂ ಕಡೆ ಬಡ್ಡಿ. ಎಲ್ಲ ಸರಿಯಿದ್ದರೂ ಒಂದು ವಾರ ಹಿಡಿಯಬಹುದು. ಆ ವಾರದಲ್ಲಿ ಹಳೆಯ ಕಾರ್ಡಿನ ಕೊನೆಯ ದಿನಾಂಕ ಬರುವುದಿದ್ದರೆ ಕನಿಷ್ಠ ಮೊತ್ತವನ್ನು ನೀವೇ ಕಟ್ಟಿಬಿಡಿ. ಕೊನೆಯ ದಿನಾಂಕ ಕಳೆದು ಮೂರು ದಿನ ಮೀರಿದರೆ ಮಾತ್ರ ತಡಪಾವತಿ ಶುಲ್ಕ ಹಾಕಬೇಕು, ಸಾಲದ ಚರಿತ್ರೆ ದಾಖಲಿಸುವ ಕ್ರೆಡಿಟ್ ಬ್ಯೂರೋಗೆ ವರದಿ ಮಾಡಬೇಕು ಎಂದು ಆರ್‌ಬಿಐನ ಕಾರ್ಡ್ ನಿರ್ದೇಶನಗಳಲ್ಲಿದೆ. ಅದು ಎಡವಿದವರಿಗೆ ಇರುವ ಆಸರೆ, ಅದನ್ನೇ ನಂಬಿ ಕೂರುವುದು ಬೇಡ. ಎರಡೂ ಕಡೆಯಿಂದ ಹಣ ಬಿದ್ದು ಹಳೆಯ ಕಾರ್ಡಿನಲ್ಲಿ ಜಮೆ ಉಳಿದರೆ ಅದನ್ನು ಖಾತೆಗೆ ವಾಪಸು ಕೇಳಬಹುದು.

ಹಳೆಯ ಕಾರ್ಡಿನಲ್ಲಿ ಬಾಲದ ಬಡ್ಡಿ ಎಂಬುದೊಂದು ಉಳಿಯುತ್ತದೆ. ಬಿಲ್ಲಿನಲ್ಲಿ ₹1 ಲಕ್ಷ ಎಂದಿತ್ತು, ಹೊಸ ಬ್ಯಾಂಕು ಸರಿಯಾಗಿ ₹1 ಲಕ್ಷ ಕಳಿಸಿತು, ಮುಗಿಯಿತು ಎಂದು ಆ ಕಾರ್ಡಿನ ಆ್ಯಪನ್ನೇ ಅಳಿಸಿ ಹಾಕಿದವರಿದ್ದಾರೆ. ಬಿಲ್ಲಾದ ದಿನದಿಂದ ಹಣ ತಲುಪಿದ ದಿನದವರೆಗೆ 12 ದಿನವಾಗಿದ್ದರೆ, ಅಷ್ಟು ದಿನದ ಬಡ್ಡಿ ₹1,479, ತೆರಿಗೆ ₹266. ಮುಂದಿನ ಬಿಲ್ಲಿನಲ್ಲಿ ಸುಮಾರು ₹1,745 ಬಂದು ಕೂರುತ್ತದೆ. ನೋಡದೆ ಬಿಟ್ಟರೆ ತಡಪಾವತಿ ಶುಲ್ಕ, ಅದರ ಮೇಲೆ ತೆರಿಗೆ, ಬ್ಯೂರೋ ವರದಿಯಲ್ಲಿ ಕಪ್ಪು ಚುಕ್ಕೆ. ಹಳೆಯ ಕಾರ್ಡಿಗೆ ಎರಡು ಬಿಲ್ಲು ಸೊನ್ನೆ ಬರುವವರೆಗೆ ಕಣ್ಣಿಟ್ಟಿರಿ. ಅದರ ಮೇಲಿದ್ದ ಕರೆಂಟ್ ಬಿಲ್, ಓಟಿಟಿ, ವಿಮಾ ಕಂತು, ಫಾಸ್ಟ್ಯಾಗ್‌ಗಳ ಆಟೊ ಪೇಗಳನ್ನು ಮೊದಲೇ ಬೇರೆಡೆಗೆ ತಿರುಗಿಸಿ. ಮರೆತ ₹149ರ ಚಂದಾ ಕೂಡ ಕಾರ್ಡನ್ನು ಮತ್ತೆ ಜೀವಂತವಾಗಿಸುತ್ತದೆ.

ಸೊನ್ನೆಯಾದ ಹಳೆಯ ಕಾರ್ಡನ್ನು ಮುಚ್ಚಬೇಕೆ? ವಾರ್ಷಿಕ ಶುಲ್ಕವಿಲ್ಲದಿದ್ದರೆ ಇಟ್ಟುಕೊಳ್ಳುವುದು ಬ್ಯೂರೋ ಕೊಡುವ ಕ್ರೆಡಿಟ್ ಸ್ಕೋರಿಗೆ ಒಳ್ಳೆಯದು. ಒಟ್ಟು ಮಿತಿ ಹೆಚ್ಚಿದ್ದಷ್ಟೂ ಬಳಕೆಯ ಪ್ರಮಾಣ ಕಡಿಮೆ ಕಾಣುತ್ತದೆ. ಆದರೆ ಖಾಲಿ ಮಿತಿ ಕಂಡರೆ ಕೈ ತುರಿಸುತ್ತದೆ ಎನ್ನುವವರು ಸ್ಕೋರಿನ ಗೊಡವೆ ಬಿಟ್ಟು ಮುಚ್ಚಿಸುವುದೇ ಸರಿ. ಆರು ತಿಂಗಳ ನಂತರ ಎರಡು ಕಾರ್ಡಿನಲ್ಲೂ ಸಾಲ ಇರುವ ಸ್ಥಿತಿಗಿಂತ ಹತ್ತಿಪ್ಪತ್ತು ಅಂಕ ಕಳೆದುಕೊಳ್ಳುವುದು ಲೇಸು. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ₹500ರಂತೆ ಬ್ಯಾಂಕು ನಿಮಗೆ ಕೊಡಬೇಕು. ಇದೂ ಆರ್‌ಬಿಐನ ಅದೇ ನಿರ್ದೇಶನಗಳಲ್ಲಿದೆ. ಹಾಗೆಯೇ, ವರ್ಗಾವಣೆ ನಡೆಯುತ್ತಿರುವ ತಿಂಗಳುಗಳಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಬೇಡಿ, ಒಂದು ಕಾರ್ಡ್ ಮುಕ್ಕಾಲು ಭಾಗ ತುಂಬಿರುವುದು ವರದಿಯಲ್ಲಿ ಎದ್ದು ಕಾಣುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೆ ಕನಿಷ್ಠ ಎರಡು ಸಲ ಬ್ಯೂರೋಗಳಿಗೆ ಮಾಹಿತಿ ಕಳಿಸಬೇಕಾದ್ದರಿಂದ ಬಾಕಿ ತೀರಿದ್ದೂ ಬೇಗ ಕಾಣಿಸುತ್ತದೆ. ನಾಲ್ಕೂ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸಬೇಕು, ಮೀರಿದರೆ ದಿನಕ್ಕೆ ₹100 ಪರಿಹಾರ.

ಈಗ ಅಗ್ಗದ ಬೇರೆ ದಾರಿಗಳ ಮಾತು. ಬೀರುವಿನಲ್ಲಿ ಚಿನ್ನವಿದ್ದೂ ಕಾರ್ಡ್ ಬಡ್ಡಿ ಕಟ್ಟುವ ಮನೆಗಳು ನಮ್ಮಲ್ಲಿ ಎಷ್ಟೋ. ಬ್ಯಾಂಕಿನಲ್ಲೋ ಪತ್ತಿನ ಸಹಕಾರ ಸಂಘದಲ್ಲೋ ಶೇ 10ಕ್ಕೆ ಚಿನ್ನದ ಸಾಲ ಸಿಕ್ಕಿತೆನ್ನಿ. ₹1 ಲಕ್ಷವನ್ನು ಆರು ತಿಂಗಳು ಪೂರ್ತಿ ಇಟ್ಟುಕೊಂಡು ಕೊನೆಗೆ ಒಮ್ಮೆಗೇ ಕಟ್ಟಿದರೂ ಬಡ್ಡಿ ₹5,000, ಜಿಎಸ್‌ಟಿ ಇಲ್ಲ. ಮೇಲೆ ಹೇಳಿದ ಶೇ 1.7ರ ಇಎಂಐಗೆ ತಿಂಗಳು ತಿಂಗಳು ಅಸಲು ಕಟ್ಟಿಯೂ ₹7,120 ಆಗಿತ್ತು. ಎಫ್‌ಡಿ ಇದ್ದವರಿಗೆ ಇನ್ನೂ ಸುಲಭ: ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚಿಗೆ ಅದರ ಮೇಲೆಯೇ ಸಾಲ ಸಿಗುತ್ತದೆ. ಶೇ 7ಕ್ಕೆ ಎಫ್‌ಡಿ ಇಟ್ಟು ಶೇ 45ಕ್ಕೆ ಕಾರ್ಡ್ ಬಾಕಿ ಸಾಕುವುದಕ್ಕೆ ಲೆಕ್ಕಶಾಸ್ತ್ರದಲ್ಲಿ ಸಮರ್ಥನೆ ಇಲ್ಲ.

ಎರಡೂ ಇಲ್ಲ, ವರ್ಷವಾದರೂ ಬೇಕು ಎನ್ನುವವರು ಪರ್ಸನಲ್ ಲೋನ್ ನೋಡಿ. ₹1 ಲಕ್ಷಕ್ಕೆ 12 ತಿಂಗಳು ಶೇ 14ರ ದರದಲ್ಲಿ ಬಡ್ಡಿ ₹7,745, ಶೇ 2 ಶುಲ್ಕ ಮತ್ತು ತೆರಿಗೆ ₹2,360, ಒಟ್ಟು ₹10,105. ಅದೇ ಬಾಕಿಯನ್ನು ಕಾರ್ಡಿಗೆ ತಂದು ಶೇ 1.7ರಲ್ಲಿ 12 ಕಂತು ಕಟ್ಟಿದರೆ ಬಡ್ಡಿ, ತೆರಿಗೆ ಸೇರಿ ₹13,440. ಆರು ತಿಂಗಳಿಗಾದರೆ ಎರಡರ ನಡುವೆ ಅಂತರ ಕೆಲವೇ ನೂರು ರೂಪಾಯಿ, ಕಾಗದಪತ್ರದ ಓಡಾಟ ಕಡಿಮೆ ಎಂದು ಕಾರ್ಡೇ ಇರಲಿ ಎನ್ನಬಹುದು. ವರ್ಷಕ್ಕೆ ಹೋದಾಗ ಅಂತರ ₹3,300 ದಾಟುತ್ತದೆ. ಪತ್ರದ ಮೊದಲಲ್ಲಿ ಹೇಳಿದ ಆರು ತಿಂಗಳ ಗೆರೆ ಬಂದದ್ದು ಇಲ್ಲಿಂದ.

ಒಂದು ಕಳ್ಳದಾರಿಯ ಬಗ್ಗೆಯೂ ಹೇಳಲೇಬೇಕು. ಊರೂರಲ್ಲಿ ಲೈಟು ಕಂಬಕ್ಕೆ ಅಂಟಿಸಿದ ಚೀಟಿ, ವಾಟ್ಸ್ಆ್ಯಪ್ ಗುಂಪಿನ ಜಾಹೀರಾತು: 'ಕಾರ್ಡ್ ಬಿಲ್ ನಾವು ಕಟ್ಟುತ್ತೇವೆ, ಆಮೇಲೆ ಉಜ್ಜಿಕೊಳ್ಳುತ್ತೇವೆ.' ಇವರು ಬೆಳಗ್ಗೆ ನಿಮ್ಮ ಲಕ್ಷದ ಬಿಲ್ಲು ಕಟ್ಟಿ, ಮಧ್ಯಾಹ್ನ ಅದೇ ಕಾರ್ಡನ್ನು ಯಾವುದೋ ಅಂಗಡಿಯ ಯಂತ್ರದಲ್ಲಿ ಲಕ್ಷಕ್ಕೆ ಉಜ್ಜಿ, ಶೇ 2.5ರಿಂದ 3 ಕಮಿಷನ್ ಹಿಡಿಯುತ್ತಾರೆ. ಬಡ್ಡಿ ₹4,425 ಇದ್ದದ್ದು ₹3,000ಕ್ಕೆ ಇಳಿಯಿತಲ್ಲ ಎಂದು ಸಮಾಧಾನ. ಆದರೆ ಹನ್ನೆರಡು ತಿಂಗಳಿಗೆ ₹36,000 ಹೋಗಿರುತ್ತದೆ, ಅಸಲು ಪೂರ್ತಿ ಲಕ್ಷ ಹಾಗೇ ಇರುತ್ತದೆ. ಸರಕಿಲ್ಲದೆ ಕಾರ್ಡ್ ಉಜ್ಜುವುದು ಕಾರ್ಡ್ ಕರಾರಿಗೆ ವಿರುದ್ಧ. ಒಂದೇ ಯಂತ್ರದಲ್ಲಿ ಪ್ರತಿ ತಿಂಗಳು ದುಂಡು ಮೊತ್ತ ಕಂಡ ಬ್ಯಾಂಕು ಒಂದು ದಿನ ಮಿತಿಯನ್ನೇ ಇಳಿಸಿಬಿಟ್ಟರೆ ಚಕ್ರ ಅಲ್ಲಿಗೆ ನಿಂತಿತು, ಬಿಲ್ಲು ನಿಮ್ಮ ತಲೆಯ ಮೇಲೆ. ಕಾರ್ಡು, ಪಿನ್ನು ಎರಡನ್ನೂ ಇನ್ನೊಬ್ಬರ ಕೈಗೆ ಕೊಡುವುದರ ಅಪಾಯ ಬೇರೆ ಹೇಳಬೇಕಿಲ್ಲ.

'ನಿಮ್ಮ ಕಾರ್ಡ್ ಬಡ್ಡಿ ಇಳಿಸುತ್ತೇವೆ, ಒಂದು ಓಟಿಪಿ ಹೇಳಿ' ಎಂಬ ಕರೆಗಳೂ ಇವೆ. ಬ್ಯಾಂಕುಗಳು ಸೇವಾ ಕರೆಗಳಿಗೆ 1600ರಿಂದ, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ಸಂಖ್ಯೆಗಳನ್ನೇ ಬಳಸಬೇಕೆಂದು ಆರ್‌ಬಿಐ 2025ರ ಜನವರಿಯಲ್ಲಿ ಹೇಳಿದೆ. ಹತ್ತಂಕಿಯ ಮೊಬೈಲಿನಿಂದ ಬಂದ ಆಫರನ್ನು ಅಲ್ಲೇ ಬಿಟ್ಟು, ಕಾರ್ಡಿನ ಹಿಂಬದಿಯ ಸಂಖ್ಯೆಗೆ ನೀವೇ ಕರೆ ಮಾಡಿ ಕೇಳಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕನಿಷ್ಠ ಮೊತ್ತವನ್ನೂ ಕಟ್ಟಲಾಗದ ಸ್ಥಿತಿ ಬಂದವರಿಗೆ ವರ್ಗಾವಣೆ ಬೇಡವೇ ಬೇಡ. ಈಗಿರುವ ಬ್ಯಾಂಕಿಗೇ ಬರೆದು, ಕಾರ್ಡನ್ನು ನಿಲ್ಲಿಸಿ ಬಾಕಿಯನ್ನು ಕಡಿಮೆ ದರದ ಕಂತಾಗಿ ಮಾಡಿಕೊಡಿ ಎಂದು ಕೇಳಿ. 'ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ' ಎಂಬ ಮಾತು ಬಂದರೆ, ವರದಿಯಲ್ಲಿ 'ಮುಕ್ತಾಯ' ಎಂದಲ್ಲ 'ಸೆಟಲ್' ಎಂದು ಬೀಳುತ್ತದೆ, ಮುಂದೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ ಎಂಬುದು ತಿಳಿದಿರಲಿ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ಇತ್ಯರ್ಥಪಡಿಸುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕೊನೆಯದಾಗಿ ತಮ್ಮ ಪತ್ರಿಕೆಗೂ ಓದುಗರಿಗೂ ಒಂದು ಕೋರಿಕೆ. ಕಾರ್ಡಿನ ಷರತ್ತುಗಳು ಗ್ರಾಹಕರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಆದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ಆರ್‌ಬಿಐ ನಿರ್ದೇಶನದಲ್ಲೇ ಇದೆ. 'ಆದಷ್ಟೂ' ಎಂಬ ಪದ ಹಿಡಿದು ತಪ್ಪಿಸಿಕೊಳ್ಳಲು ಜಾಗವಿದೆ, ನಿಜ. ಆದರೂ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಕರೆ ಬಂದಾಗ ಪಾವತಿ ಯಾವ ಕ್ರಮದಲ್ಲಿ ಸಲ್ಲುತ್ತದೆ ಎಂಬ ಒಂದೇ ಒಂದು ಕಲಮನ್ನು ಕನ್ನಡದಲ್ಲಿ ಇಮೇಲ್ ಮಾಡಿ ಎಂದು ಕೇಳಿನೋಡಿ. ಬ್ಯಾಂಕುಗಳ ಜಾಹೀರಾತು ಅಚ್ಚು ಹಾಕುವಾಗ ಜಿಎಸ್‌ಟಿ ಸೇರಿದ ವಾರ್ಷಿಕ ದರವನ್ನು 'ಸೊನ್ನೆ ಬಡ್ಡಿ'ಯಷ್ಟೇ ದಪ್ಪ ಅಕ್ಷರದಲ್ಲಿ ಕೊಡಿ ಎಂದು ತಾವೂ ಕೇಳಬಹುದು.

ಇಂತಿ,
ಕಾರ್ಡ್ ಸಾಲದ ಲೆಕ್ಕ ನೋಡುವ ಓದುಗರು,
ದಾವಣಗೆರೆ